ಲೋಹಿತ್ ಜಾರಿ ಬಿದ್ದದ್ದಲ್ಲ

ಹೆಸರು: ಉದಯಶಂಕರ್ ಬಿನ್ ವಿಶ್ವೇಶ್ವರ. ವಯಸ್ಸು: 48 ವರ್ಷ. ಉದ್ಯೋಗ: ಹಾಲಿನ ಪುಡಿ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ವಾಸ: 27, ಕೌರಿ ಸ್ಟ್ರೀಟ್, ಪಾಮರ್ಸ್ಟನ್ ನಾರ್ತ್. ಸ್ವಂತ ಊರು: ಬೆಂಗಳೂರು, ಆಸ್ಟಿನ್ ಟೌನ್.

ಮೇಲ್ಕಂಡ ನಾನು ಈ ದಿನ ಯಾರೂ ಕರೆಸದೆ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದು ಏನೆಂದರೆ, ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೂ ಈ ವಿಷಯವನ್ನು ಕನ್ನಡದಲ್ಲೇ ಹೇಳುತ್ತೇನೆಂದು ಕೋರಿದ್ದರಿಂದ ದುಭಾಷಿಯನ್ನು ಕರೆಸಲಾಗಿದೆ.

ನಾನು ಹೆಂಡತಿ ಭಾನುಮತಿ ಮತ್ತು ಮಗಳು ಅಮಿತಾಳೊಂದಿಗೆ 2003ರಿಂದ ಈ ಊರಿನಲ್ಲಿ ವಾಸವಾಗಿದ್ದೇನೆ. ಅಮಿತಾಳಿಗೆ ಈಗ 19 ವರ್ಷ. ಯೂನಿವರ್ಸಿಟಿಯ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್ ಆಗಿ ಆಡುತ್ತಾಳೆ. ಅವಳಿಗೆ ಆಟ ಕಲಿಸಿದವನು ನಾನು. ಆರು ವರ್ಷದವಳಿದ್ದಾಗಿನಿಂದ ಮನೆಯ ಹಿಂದೆ, ಬಟ್ಟೆ ಒಣಹಾಕುವ ಕಂಬಗಳ ನಡುವೆ ಕಲಿಸಿದ್ದೇನೆ. ನಾನೂ ಆಸ್ಟಿನ್ ಟೌನಿನಲ್ಲಿ ಹನ್ನೆರಡು ವರ್ಷ ಡಿಫೆಂಡರ್ ಆಗಿ ಆಡಿದವನು.

ಈ ಪ್ರಕರಣದಲ್ಲಿ ಗಾಯಗೊಂಡ ಲೋಹಿತ್, ವಯಸ್ಸು 29, ದಾವಣಗೆರೆಯವನು. ಓದಲು ಬಂದಾಗ ಎರಡು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದ. ನನ್ನನ್ನು ಅಂಕಲ್ ಎಂದೇ ಕರೆಯುತ್ತಾನೆ. ಈ ವರ್ಷದ ಆರಂಭದಲ್ಲಿ ತಂಡಕ್ಕೆ ಡಿಫೆನ್ಸ್ ಕೋಚ್ ಬೇಕಾದಾಗ ನಾನೂ ಹೆಸರು ಕೊಟ್ಟಿದ್ದೆ, ಅವನೂ ಕೊಟ್ಟಿದ್ದ. ಅವನ ಬಳಿ ಕೋಚಿಂಗ್ ಸರ್ಟಿಫಿಕೇಟ್ ಇದ್ದುದರಿಂದ ಅವನನ್ನು ತೆಗೆದುಕೊಂಡರು. ನಾನು ಮನೆಗೆ ಕರೆದು ಊಟ ಹಾಕಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನು ಆಡಿಸುವ ಕ್ರಮ ನನಗೆ ಸರಿಬರಲಿಲ್ಲ. ಹಿಂದಿನ ನಾಲ್ವರು ಡಿಫೆಂಡರ್‌ಗಳನ್ನೂ ಗೋಲಿನಿಂದ ದೂರಕ್ಕೆ, ಮೈದಾನದ ನಡುವಿನ ತನಕ ತಂದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಅವನು ಬಲಗೈ ಎತ್ತಿದರೆ ನಾಲ್ವರೂ ಒಟ್ಟಿಗೆ ಮುಂದೆ ನುಗ್ಗಬೇಕು. ಎದುರಾಳಿ ಆಗ ಅವರ ಹಿಂದೆ ಉಳಿದು ಆಫ್‌ಸೈಡ್ ಆಗುತ್ತಾಳೆ, ಅವಳು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಒಬ್ಬಳು ತಪ್ಪಿದರೂ ಹಿಂದೆ ಯಾರೂ ಇರುವುದಿಲ್ಲ. ಜೂನ್‌ನಲ್ಲಿ ವೆಲಿಂಗ್ಟನ್ನಿನ ತಂಡದ ಎದುರು ಹೀಗೇ ನಾಲ್ಕು ಗೋಲು ತಿಂದೆವು. ನಾನು ಪ್ರತಿ ಶನಿವಾರ ಗೆರೆಯ ಪಕ್ಕ ನಿಂತು ಕೂಗುತ್ತಿದ್ದೆ, ಮನೆಯಲ್ಲಿಯೂ ಹೇಳುತ್ತಿದ್ದೆ. ಅಮಿತಾ ಒಮ್ಮೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚಗಳನ್ನಿಟ್ಟು ಲೋಹಿತ್ ಹೇಳುವುದು ಹೇಗೆ ಸರಿ ಎಂದು ನನಗೆ ವಿವರಿಸಿದಳು. ಮೊದಲು ಹಾಗೆ ಡಬ್ಬಿ ಜೋಡಿಸಿ ತೋರಿಸುತ್ತಿದ್ದವನು ನಾನು. ನಾನು ಊಟ ಬಿಟ್ಟು ಎದ್ದೆ.

ದಿನಾಂಕ 13-8-2016, ಶನಿವಾರ, ಮಧ್ಯಾಹ್ನ ಯೂನಿವರ್ಸಿಟಿ ಮೈದಾನದಲ್ಲಿ ಪಂದ್ಯವಿತ್ತು. ಭಾನುಮತಿಯೂ ನೋಡಲು ಬಂದಿದ್ದಳು. ಗೆದ್ದರೆ ಫೈನಲ್. ಆಟ ಮುಗಿಯಲು ಐದು ನಿಮಿಷವಿದ್ದಾಗ ಎರಡೂ ತಂಡಗಳಿಗೆ ಒಂದೊಂದು ಗೋಲು ಆಗಿತ್ತು. ಲೋಹಿತ್ ಎದುರಿನ ಗೆರೆಯ ಬಳಿ ಬಲಗೈ ಎತ್ತಿದ. ಅಮಿತಾ ಅವನ ಕೈಯನ್ನೇ ನೋಡುತ್ತಿದ್ದಳು. ನಾನು ಅವಳಿಂದ ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿದ್ದೆ. ಮನೆಯಲ್ಲಿ ಅವಳನ್ನು ಕರೆಯುವಂತೆ, ಅಮ್ಮೀ, ಹಿಂದೆ ಬಾ ಎಂದು ಕನ್ನಡದಲ್ಲಿ ಕೂಗಿದೆ. ಉಳಿದ ಮೂವರು ಮುಂದೆ ಹೋದರು. ಅಮಿತಾ ಹಿಂದೆ ಬಂದಳು. ಎದುರಾಳಿಗಳು ಒದ್ದ ಚೆಂಡು ಅವರೆಲ್ಲರ ತಲೆಯ ಮೇಲಿಂದ ಹಾರಿತು. ಅಮಿತಾ ಇನ್ನೂ ಹಿಂದೆ ಇದ್ದುದರಿಂದ ಎದುರಾಳಿ ಹುಡುಗಿ ಆಫ್‌ಸೈಡ್ ಆಗಲಿಲ್ಲ. ಅಮಿತಾ ಬೆನ್ನಟ್ಟಿ ಹೋಗಿ ಅಡ್ಡ ಬಿದ್ದಳು. ಗೋಲಾಯಿತು. ಅವಳು ಭುಜ ಹಿಡಿದುಕೊಂಡು ಅಲ್ಲೇ ಮಲಗಿದ್ದಳು.

ನಾನು ಅವಳ ಬಳಿ ಹೋಗಲಿಲ್ಲ. ಮೈದಾನವನ್ನು ಸುತ್ತಿಕೊಂಡು ಲೋಹಿತನ ಬಳಿ ಹೋದೆ. ನನ್ನ ಮಗಳನ್ನು ಹಾಳು ಮಾಡಿದೆ ಎಂದು ಬೈದೆ. ಅವನು ತಿರುಗಿ ಬೈಯಲಿಲ್ಲ.

“ಅಂಕಲ್, ಮೊದ್ಲು ಅವಳ ಹತ್ರ ಹೋಗಿ,” ಎಂದ.

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಎರಡೂ ಕೈಗಳಿಂದ ಅವನ ಎದೆಗೆ ತಳ್ಳಿದೆ. ಅವನು ಹಿಂದಕ್ಕೆ ಬಿದ್ದು, ಕಬ್ಬಿಣದ ಬೆಂಚಿನ ಅಂಚಿಗೆ ಎಡಗೈ ತಗುಲಿ ಮಣಿಕಟ್ಟು ಮುರಿಯಿತು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದ ಕಾನ್‌ಸ್ಟೆಬಲ್ ಕೇಳಿದಾಗ ಲೋಹಿತ್ ತಾನೇ ಹುಲ್ಲಿನ ಮೇಲೆ ಜಾರಿ ಬಿದ್ದೆನೆಂದು ಹೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅಮಿತಾಳ ಭುಜದ ಬಳಿಯ ಕೊರಳೆಲುಬು ಮುರಿದಿದೆಯೆಂದು ಹೇಳಿದರು. ಅವಳು ಮೊದಲು ಕೇಳಿದ್ದು ಲೋಹಿತನ ಕೈ ಹೇಗಿದೆ ಎಂದು. ಅವನು ಜಾರಿ ಬಿದ್ದನೆಂದು ನಾನು ಅವಳಿಗೂ ಹೇಳಿದೆ. ನಂತರ, ಅವನ ಆಟದ ಕ್ರಮದಿಂದಲೇ ಹೀಗಾಯಿತು ಎಂದೆ. ಭಾನುಮತಿ ನನ್ನನ್ನು ತಡೆದಳು.

“ನೀವು ಕೂಗಿದ್ದು ನಂಗೂ ಕೇಳಿಸ್ತು ರೀ. ಸಾಕು ಮಾಡಿ,” ಎಂದಳು.

ಅಮಿತಾ ನಮ್ಮೊಂದಿಗೆ ಇಂಗ್ಲಿಷಿನಲ್ಲೇ ಮಾತನಾಡುತ್ತಾಳೆ. ಆಗ ಮಾತ್ರ ಕನ್ನಡದಲ್ಲಿ ಹೇಳಿದಳು.

“ಲೋಹಿತ್ ಕೈ ಎತ್ತಿದ್ದು ಕಾಣಿಸ್ತಿತ್ತು ಅಪ್ಪ. ಆದ್ರೆ ನಿನ್ ವಾಯ್ಸ್ ಬಂತಲ್ಲ, ಕಾಲು ತಾನಾಗೇ ಹಿಂದೆ ಹೋಯ್ತು.”

ಅದನ್ನು ಕೇಳಿದೊಡನೆ ನನಗೆ ಮೊದಲು ಆದದ್ದು ಸಂತೋಷ. ಅವನ ಕೈಗಿಂತ ನನ್ನ ದನಿಯೇ ಮೇಲಾಯಿತು ಎಂಬ ಸಂತೋಷ. ಅವಳ ತೋಳು ಪಟ್ಟಿಯಲ್ಲಿ ತೂಗುತ್ತಿತ್ತು. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಭಾನುವಾರ ಸಂಜೆ ಲೋಹಿತನ ಮನೆಗೆ ಹೋದೆ. ಅವನು ಒಂದೇ ಕೈಯಲ್ಲಿ ಚಹಾ ಮಾಡಿಕೊಟ್ಟ. ನಿಜ ಹೇಳುತ್ತೇನೆ ಎಂದಾಗ ಬೇಡವೆಂದ. ಕೇಸಾದರೆ ಅಮಿತಾ ಇನ್ನು ತಂಡಕ್ಕೆ ಬರುವುದಿಲ್ಲ, ಅವಳು ಆಡಬೇಕು ಎಂದ. ಅವಳ ವಿಷಯದಲ್ಲಿ ನನಗಿಂತ ಮುಂಚೆ ಅವನು ಯೋಚಿಸಿದ್ದು ಕೂಡ ನನಗೆ ಚುಚ್ಚಿತು. ನಿನ್ನೆ ಅಮಿತಾಳಿಗೆ ನಡೆದುದನ್ನೆಲ್ಲ ಹೇಳಿದೆ. ಅವಳು, ಹೋಗಿ ಹೇಳು, ನಾನು ಆಡುವುದನ್ನು ಬಿಡುವುದಿಲ್ಲ, ಆದರೆ ನೀನು ಮೈದಾನಕ್ಕೆ ಬರಬೇಡ ಎಂದಳು. ನಾನು ಒಪ್ಪಿದ್ದೇನೆ.

ಲೋಹಿತ್ ಜಾರಿ ಬಿದ್ದದ್ದಲ್ಲ. ಆ ದಿನ ಹುಲ್ಲು ಒಣಗಿತ್ತು. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಹೋಗಿದೆಯೆಂದು ಹೇಳಿದರೆ ಈ ಹೇಳಿಕೆ ಸುಳ್ಳಾಗುತ್ತದೆ.

ಬರೆದುದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ನಡೆದಂತೆಯೂ ಇದೆ. ಒಂದು ಮಾತನ್ನೂ ತೆಗೆಯುವುದು ಬೇಡ.

ಸ್ಥಳ: ಪಾಮರ್ಸ್ಟನ್ ನಾರ್ತ್
ದಿನಾಂಕ: 16-8-2016
ಸಹಿ: ಉದಯಶಂಕರ್ ವಿ.