ಬರ್ತೀನಿ ಅಂದ ಮಾತು

ಈಗೀಗ ನಮ್ಮೂರಲ್ಲೂ ಸೈರನ್ ಕೂಗುತ್ತಿದೆ, ಆದ್ದರಿಂದ ಈ ಕಥೆ ಹೇಳುತ್ತೇನೆ. ಗಡಿಯ ಹತ್ತಿರ ಒಂದೂರು, ಆ ಊರಿಗೆಲ್ಲ ಒಬ್ಬನೇ ಶ್ರೀಮಂತ. ಅಕ್ಕಿ ಗಿರಣಿಯ ಯಜಮಾನ. ಮನುಷ್ಯ ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆ ಹೇಳಿದರೆ ನೀವು ಪಕ್ಕದವರ ಮುಖ ನೋಡುತ್ತಾ ಆರಾಮಾಗಿ ಕೂತುಬಿಡುತ್ತೀರಿ!

ಯುದ್ಧ ಶುರುವಾಯಿತು. ಸೈರನ್ ಕೂಗಿದರೆ ಊರವರೆಲ್ಲ ಗಿರಣಿಯ ನೆಲಮಾಳಿಗೆಗೆ ಓಡಬೇಕು. ಒಂಟಿಯಾಗಿರುವ ಮುದುಕ ಮುದುಕಿಯರ ಗತಿಯೇನು? ಯಜಮಾನನೇ ಅವರ ಪಟ್ಟಿ ಮಾಡಿದ. ಹನ್ನೆರಡು ಮನೆ. ಅಕ್ಕಿ, ಬೇಳೆ, ಮೇಣದಬತ್ತಿ ಹೊರಿಸಿಕೊಂಡು ಬಾಗಿಲು ಬಾಗಿಲಿಗೂ ತಾನೇ ಹೋದ. ನೋಡಿ, ತಾನೇ ಹೋದ. ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ. ಮಂಡಿ ನೋವು, ಕೋಲು ಹಿಡಿದರೆ ನಡೆಯುತ್ತಾಳೆ. ಚೀಲ ಇಳಿಸುವಷ್ಟರಲ್ಲಿ ಆಕೆ ಚಾಪೆ ಹಾಸಿದ್ದಳು.

"ಕೂತ್ಕಳಿ ಸ್ವಾಮಿ, ಒಂದ್ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗಿ."

"ಇನ್ನೊಂದ್ಸಲ ಆಗ್ಲಿ ಅಜ್ಜಿ, ಬರ್ತೀನಿ" ಎಂದು ಯಜಮಾನ ಚಪ್ಪಲಿ ಮೆಟ್ಟಿದ.

ಬರ್ತೀನಿ! ನಾವೆಲ್ಲ ಆಡುವ ಮಾತು. ಹೊರಡುವಾಗ 'ಹೋಗ್ತೀನಿ' ಎಂದರೆ ಅಪಶಕುನ, ಅದಕ್ಕೇ ಬರ್ತೀನಿ ಅನ್ನುತ್ತೇವೆ. ಅಂದಮೇಲೆ ಮರೆಯುತ್ತೇವೆ. ಯಜಮಾನನೂ ಮರೆತ.

ಎಂಟು ದಿನ ಕಳೆದವು. ಒಂದು ಬೆಳಿಗ್ಗೆ ಸೈರನ್ ಕೂಗಿತು. ಅಂದು ಅವನಿಗೆ ಏನನ್ನಿಸಿತೋ, ನೆಲಮಾಳಿಗೆಯಲ್ಲಿ ಪಟ್ಟಿ ತೆಗೆದು ಮುದುಕರ ತಲೆ ಎಣಿಸಿದ. ಹನ್ನೊಂದೇ. ಅಜ್ಜಿಯ ಬೀದಿಯವನೊಬ್ಬ ಹೇಳಿದ:

"ಕರೆದ್ವಿ ಬುದ್ಧಿ. ಯಾರೋ ಬತ್ತಾರೆ, ಬಾಗ್ಲು ಹಾಕ್ಕೊಂಡು ಬರಕ್ಕಾಗಲ್ಲ ಅಂತದೆ ಮುದುಕಿ. ಈ ವಾರ ಮೂರ್ ಸಲ ಸೈರನ್ ಆದಾಗ್ಲೂ ಹಂಗೇ ಅಂತು."

ಯಜಮಾನನಿಗೆ ತಲೆಬುಡ ತಿಳಿಯಲಿಲ್ಲ. ಯಾರು ಬರುತ್ತಾರೆ? ಆಕೆಯ ಹೆಸರಿನ ಮುಂದೆ 'ಯಾರೂ ಇಲ್ಲ' ಎಂದು ಬರೆದವನು ತಾನೇ ಅಲ್ಲವೆ? ಅಜ್ಜಿಗೆ ಅರಳುಮರಳೋ? ಆ ಮೂರು ಸಲವೂ ತಾನು ಇಲ್ಲೇ ಇದ್ದೆನಲ್ಲ, ಆಕೆ ಇಲ್ಲದ್ದು ಏಕೆ ಕಾಣಲಿಲ್ಲ? ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಜನ ಬೇಡವೆಂದರೂ ಮೆಟ್ಟಿಲು ಹತ್ತಿ ಓಡಿದ.

ಅಜ್ಜಿ ತೆರೆದ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದಳು.

"ಏಳಜ್ಜಿ! ಯಾರ್ ಬರ್ತಾರೆ ಅಂತ ಕೂತಿದ್ದೀಯ?"

"ನೀವೇಯ. ಬತ್ತೀನಿ ಅಂದ್ರಲ್ಲ."

"ಅಯ್ಯೋ, ಅದು... ಹೊರಡೋವಾಗ ಎಲ್ರೂ ಅಂತಾರಲ್ಲ ಅಜ್ಜಿ!"

"ಅಂತಾರೆ, ನಂಗೊತ್ತಿಲ್ವಾ? ಈ ಗಲಾಟೆ ಶುರುವಾದ್ಮೇಲೆ ನನ್ ಮನೇಗೆ ಬಂದು, ಬತ್ತೀನಿ ಅಂದೋರು ನೀವೊಬ್ರೇಯ. ನೀವ್ ಬಂದಾಗ ಬಾಗ್ಲು ಹಾಕಿದ್ದು, ಹಂಗೇ ಹೊಂಟೋದ್ರೆ? ಇನ್ಯಾರಪ್ಪ ನನ್ ಮನೇಗ್ ಬರೋರು?"

ಯಜಮಾನ ಆಕೆಯನ್ನು ಬೆನ್ನ ಮೇಲೆ ಹೊತ್ತು ಓಡಿದ. ಗಿರಣಿ ಮುಟ್ಟುವಷ್ಟರಲ್ಲಿ ಹಿಂದೆ ನೆಲ ನಡುಗುವಂಥ ಸದ್ದಾಯಿತು. ಆಮೇಲೆ ಹೋಗಿ ನೋಡಿದರೆ ಅಜ್ಜಿ ಒರಗಿ ಕೂತಿದ್ದ ಗೋಡೆಯೇ ಇರಲಿಲ್ಲ.

ಪ್ರಾಣ ಉಳಿಸಿದ ಪುಣ್ಯಾತ್ಮ ಎಂದು ಊರೆಲ್ಲ ಹೊಗಳಿತು. ಯಜಮಾನನಿಗೆ ಮಾತ್ರ ಗೊಂದಲ. ಆಕೆಯನ್ನು ಅಲ್ಲಿಂದ ಎಬ್ಬಿಸಿದವನು ತಾನು, ಸರಿ. ಅಲ್ಲಿ ಕೂರಿಸಿದವನು ಯಾರು? ಅವನು ಸಾಯುವವರೆಗೂ ಈ ಲೆಕ್ಕ ಬಗೆಹರಿಯಲಿಲ್ಲವಂತೆ. ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ.

ಗೊತ್ತಿರುವುದು ಇಷ್ಟು. ನೀವು ಅಕ್ಕಿ ಕೊಟ್ಟಿದ್ದೀರಿ, ಔಷಧಿ ತಲುಪಿಸಿದ್ದೀರಿ, ಸಂತೋಷ. ಇನ್ನು ಮೇಲೆ ಒಂಟಿ ಮುದುಕರ ಬಾಗಿಲಲ್ಲಿ ಬರಿಯ 'ಬರ್ತೀನಿ' ಬೇಡ. 'ಗುರುವಾರ ಮಧ್ಯಾಹ್ನ ಊಟ ಆದ್ಮೇಲೆ ಬರ್ತೀನಿ' ಎನ್ನಿ. ಹೋಗಿ. ಹೋದಮೇಲೆ ಕೂತುಕೊಳ್ಳಿ, ಕೊಟ್ಟದ್ದು ಕುಡಿಯಿರಿ. ಸೈರನ್ ಕೂಗಿದಾಗ ನಿಮ್ಮ ಮಕ್ಕಳ ಜೊತೆ ಅವರನ್ನೂ ಕರೆದುಕೊಂಡೇ ಓಡಿ. ಕರೆದೆವು, ಬರಲಿಲ್ಲ ಎಂಬುದು ಉತ್ತರವಲ್ಲ. ಏಕೆ ಬರಲಿಲ್ಲ ಎಂದು ಕೇಳಿದಿರಾ?

ಈಗ ಒಂದು ಗಳಿಗೆ ಕಣ್ಣು ಮುಚ್ಚಿ. ಬರ್ತೀನಿ ಅಂದು ನೀವು ಹೋಗದೇ ಉಳಿದ ಮನೆ ಯಾವುದು? ನೆನಪಾಯಿತೆ? ನೆನಪಾದವರು ನನ್ನ ಮಾತು ಮುಗಿಯಲೆಂದು ಕಾಯಬೇಡಿ, ಎದ್ದು ಹೊರಡಿ. ಅಲ್ಲಿ ಬಾಗಿಲು ತೆರೆದೇ ಇರುತ್ತದೆ.