ಕಟ್ಟಿಸಿದ ಹಲ್ಲಿನ ಅಂಚೆಚೀಟಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾದಿದ್ದ ದರ್ಜಿಯ ಪಕ್ಕದಲ್ಲಿ ಅಕ್ಕ ತಮ್ಮ ಕೂತಿದ್ದರು. ಅಕ್ಕ ಹಳೆಯ ಅಂಚೆಚೀಟಿಗಳ ಅಂಗಡಿಯಲ್ಲಿ ಮೂವತ್ತು ವರ್ಷ ಅಸಲಿ ನಕಲಿ ಗುರುತಿಸಿದವಳೆಂದು ಅವರ ಮಾತಿನಿಂದಲೇ ದರ್ಜಿಗೆ ತಿಳಿಯಿತು.

“ಆ ಸ್ವಿಸ್ ಚೀಟಿ ಅಸಲಿ ಅಂತ ಒಂದು ರುಜು ಹಾಕಕ್ಕಾ. ಅಂಗಡಿ ಯಜಮಾನ್ರು ಇವತ್ತೇ ನಿನ್ನ ಕಣ್ಣಿನ ಆಪರೇಷನ್ ಮಾಡಿಸ್ತಾರೆ.”

“ನನಗಂತೂ ಕಾಣ್ಲಿಲ್ಲ, ಅದರ ಅಂಚಿನ ಹಲ್ಲು ನೀನು ಎಣಿಸಿದ್ಯೇನೋ?”

“ಎಣಿಸ್ದೆ. ಅಳತೆಪಟ್ಟಿಗೆ ಸರಿಯಾಗೇ ಕೂತ್ಕೊಳ್ತು.”

“ಕಟ್ಟಿಸಿದ ಹಲ್ಲಲ್ವಾ, ಕೂತ್ಕೊಳ್ಳದೆ ಏನು! ಅಂಚನ್ನ ಯಾರು ಬೇಕಾದ್ರೂ ಹೊಸದಾಗಿ ಕೊರೀಬಹುದು. ಒಳಗಿನ ನೀರುಗುರುತು ಎದ್ದು ಕಾಣ್ಲಿ ಅಂತ ಕಪ್ಪು ತಟ್ಟೇಲಿ ಬೋರಲು ಹಾಕಿ ಬೆಂಜಿನ್ ಹನಿ ಬಿಟ್ಟಾಗ ಕಾಗದದೊಳಗೆ ಏನು ಕಾಣಿಸ್ತು, ನೀನೇ ಹೇಳು.”

“ಶಿಲುಬೆ ಗುರುತು.”

“ಅವರು ಹೇಳೋ ವರ್ಷದಲ್ಲಿ ಆ ಗುರುತಿನ ಕಾಗದವೇ ಇರ್ಲಿಲ್ಲ.”

“ಕೊಳ್ಳೋನಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?”

“ಅವನು ನನ್ನ ರುಜು ನಂಬಿ ತಾನೇ ಕೊಳ್ಳೋದು?”

“ಕಣ್ಣೇ ಹೋದ್ಮೇಲೆ ಆ ರುಜು ಇಟ್ಕೊಂಡು ಏನ್ಮಾಡ್ತೀಯಕ್ಕಾ?”

“ಈ ಕಣ್ಣು ಸವೆದಿದ್ದೇ ಅವರ ಅಂಗಡೀಲಿ ಕಣೋ. ಮಾಡಿಸಿಕೊಡೋದು ಅವರ ಉಪಕಾರ ಅಲ್ಲ, ನನ್ನ ಹಕ್ಕು. ಅದಕ್ಕೂ ಒಂದು ಸುಳ್ಳು ಕೇಳ್ತಾರಲ್ಲ, ನಾಚಿಕೆ ಆಗಲ್ವಾ ಅವರಿಗೆ?”

ಅಷ್ಟರಲ್ಲಿ ನರ್ಸ್ ಬಂದಳು.

“ಅಂಗಡಿ ಯಜಮಾನ್ರು ಕಳಿಸಿದೋರು ನೀವೇನಾ? ಒಳಗೆ ಬನ್ನಿ.”

“ನಾನಲ್ಲಮ್ಮ. ಧರ್ಮದ ವಾರ್ಡಿನ ಸಾಲು ಯಾವ ಕಡೆ?”

“ಹಿಂದುಗಡೆ. ಅಲ್ಲಿ ಆರು ತಿಂಗಳು ಕಾಯ್ಬೇಕಾಗುತ್ತೆ. ಅಷ್ಟರೊಳಗೆ ನಿಮ್ಮ ಕಣ್ಣು...”

“ಗೊತ್ತಮ್ಮ.”

ಅಕ್ಕ ಗೋಡೆ ತಡವುತ್ತ ಎದ್ದಳು. ದರ್ಜಿ ಕಾಲು ಮಡಚಿ ದಾರಿ ಬಿಟ್ಟ. ಕೂತೇ ಇದ್ದ ತಮ್ಮ ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಅವಳ ಮೊಣಕೈ ಹಿಡಿದ.

“ಇಲ್ಲಿ ಮೂರು ಮೆಟ್ಟಿಲಿದೆ, ನಿಧಾನಕ್ಕಾ.”