ಬೋರ್ಡಿನ ಕೆಳಗೆ ಬಿಟ್ಟ ಜಾಗ

ಬಸ್ಸಿನ ಸಾಲಿನಲ್ಲಿ ನರ್ಸಮ್ಮನ ಮುಂದೆ ಬೋರ್ಡ್ ಬರೆಯುವವನೊಬ್ಬ ಹೊಸ ಬೋರ್ಡು ಹಿಡಿದು, ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದ. ಪಕ್ಕದಲ್ಲಿದ್ದ ಅವನ ಅಕ್ಕ, ಅದರ ಮೇಲೆ ಪಾದ್ರಿಯ ಹೆಸರಿನಲ್ಲೇ ಬರೆದಿದ್ದ ಬೆಟ್ಟದ ಹೆಸರಿನ ಕೆಳಗಿನ ಸಾಲನ್ನು ಓದಿದಳು.

“‘ಈ ಬೆಟ್ಟವನ್ನು ಮೊದಲು ಹತ್ತಿದ ಪಾದ್ರಿಯ ನೆನಪಿಗೆ ಈ ಹೆಸರು.’ ಹತ್ತಿದ್ದು ಅವರೇನೋ?”

“ಚರ್ಚಿನವರು ಕೊಟ್ಟಿದ್ದನ್ನ ಬರೆದೆ.”

“ಜ್ವರ ಬಂದಿದ್ದ ಅವರನ್ನ ತುದಿ ತನಕ ಹೊತ್ಕೊಂಡು ಹೋಗಿದ್ದು ನಮ್ಮ ಮುತ್ತಜ್ಜ. ಅವರ ಕಾಲು ನೆಲಕ್ಕೇ ತಾಗ್ಲಿಲ್ಲ.”

“ಅಮ್ಮ ಹೇಳಿದ್ದು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ ಕಣಕ್ಕ.”

“ಹಾಗಿದ್ರೆ ಮುತ್ತಜ್ಜನ ಹೆಸರೂ ಸೇರಿಸು. ಕೆಳಗೆ ಜಾಗ ಇದೆಯಲ್ಲ.”

“ಜಾಗ ಬಿಟ್ಟಿರೋದೇ ಅದಕ್ಕೆ. ಬಣ್ಣನೂ ಚೀಲದಲ್ಲಿದೆ. ಹೆಸರು ಹೇಳು.”

ಅಕ್ಕ ಬೋರ್ಡಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

“ಅಮ್ಮ ಬರೀ ಅಜ್ಜ ಅಂತಿದ್ಲು.”

“ನಂಗೂ ಅಷ್ಟೇ ಗೊತ್ತಿರೋದು.”

ಬಸ್ಸು ಬಂತು. ಅವನು ಬೋರ್ಡನ್ನು ಬೆನ್ನಿಗೇರಿಸಿಕೊಂಡ. ನರ್ಸಮ್ಮನಿಗೆ ಕಡೆಗೆ ಕಂಡದ್ದು, ಪಾದ್ರಿಯ ಹೆಸರನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಅವನು.